ಅಡಂಬು ಬಳ್ಳಿಯ ಬುಡದಲ್ಲಿ ಏನಿದೆ? | ಮಲ್ಪೆ ಪಡುಕೆರೆ ವ್ಲಾಗ್

ಗಾಳಿ ಜೋರಾಗಿದೆ, ಸ್ವಲ್ಪ ಕಿವಿಗೊಟ್ಟು ಕೇಳಿ. ಈ ನೇರಳೆ ಹೂವಿನ ಬಳ್ಳಿ ಗೊತ್ತಲ್ವಾ, ಅಡಂಬು ಬಳ್ಳಿ. ಆ ಕಡೆ ಮುಳ್ಳುಮುಳ್ಳಾಗಿರುವುದು ರಾವಣನ ಮೀಸೆ. ಉಪ್ಪುಗಾಳಿ, ಸುಡುವ ಮರಳು, ಗೊಬ್ಬರದ ಹೆಸರಿಲ್ಲ. ಆದರೂ ಹೇಗೆ ಹಬ್ಬಿದೆ ನೋಡಿ! ಬೇರಿನೊಳಗೆ ಒಂದು ಫಂಗಸ್ ಇದೆ. ಅಡಿಕೆ ತೋಟದವರು ಬೇರಿಗೆ ಹಾಕಲು ವ್ಯಾಮ್ (VAM) ಅಂತ ಫಂಗಸ್ ಪ್ಯಾಕೆಟ್ ತರುತ್ತಾರಲ್ಲ, ಅದೇ ಬಳಗ. ಬೇರಿಗೆ ಎಟುಕದ ಕಡೆಯಿಂದ ರಂಜಕ ತಂದುಕೊಡುತ್ತದೆ, ಬಳ್ಳಿ ಅದಕ್ಕೆ ಸಕ್ಕರೆ ಕೊಡುತ್ತದೆ. ಅದರ ಎಳೆಗಳು ಮರಳನ್ನೂ ಹಿಡಿದಿಡುತ್ತವೆ.

ಈಗ ಜರಡಿ ವಿಷಯ ಹೇಳಲೇಬೇಕು. ಈ ಫಂಗಸ್‌ನ ಸ್ಪೋರ್, ಅಂದರೆ ಬೀಜದ ಹಾಗಿನ ಕಣಗಳನ್ನು ನೋಡಬೇಕಾದರೆ ಮರಳನ್ನು ಸಣ್ಣ ತೂತಿನ ಜರಡಿಯಲ್ಲಿ ತೊಳೆಯಬೇಕು. ಅದಕ್ಕೇ 45 ಮೈಕ್ರಾನ್ ಜರಡಿ ಆರ್ಡರ್ ಮಾಡಿದ್ದೆ. ಸಾವಿರ ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್. ಎರಡು ಸಾವಿರ ಚಿಲ್ಲರೆ. ಬಂದದ್ದು 450! ಸ್ಪೋರ್‌ಗಳು ಹೆಚ್ಚಾಗಿ 50ರಿಂದ 500 ಮೈಕ್ರಾನ್ ಇರುತ್ತವೆ. 450ರಲ್ಲಿ ತೊಳೆದರೆ ಬಹುತೇಕ ಎಲ್ಲವೂ ನೀರಿನ ಜೊತೆ ಚರಂಡಿಗೆ. ಮೇಲೆ ಉಳಿಯುವುದು ಚಿಪ್ಪಿನ ಚೂರು, ಬೇರಿನ ತುಂಡು. ಅಂಗಡಿಗೆ ಫೋನ್ ಮಾಡಿದರೆ, "ಎರಡೂ ಜರಡಿನೇ ಅಲ್ವಾ ಮೇಡಂ" ಅಂತಾರೆ. ವಾಪಸ್ ಕಳಿಸುವ ಕೊರಿಯರ್ ದುಡ್ಡೂ ನಾನೇ ಕೊಡಬೇಕಂತೆ. ಯಾಕೆ ಕೊಡಬೇಕು? ಬಿಲ್‌ನಲ್ಲಿ 45 ಅಂತಲೇ ಇದೆ! ಕೊನೆಗೆ ಕಾಲೇಜು ಲ್ಯಾಬಿನ ಗೆಳತಿ ತನ್ನದು ಕೊಟ್ಟಳು. ಅವಳಿಂದಲೇ ಸ್ಪೋರ್‌ಗಳ ಈ ಶಾಟ್. ಬಿಳಿ, ಹಳದಿ, ಕಂದು, ಬೂಂದಿ ಕಾಳಿನ ಹಾಗೆ ದುಂಡಗೆ. ಎಷ್ಟು ಚೆಂದ!

ನಮ್ಮ ಪಶ್ಚಿಮ ಕರಾವಳಿಯ ಮರಳ ದಿಬ್ಬಗಳಲ್ಲಿ ಇವುಗಳ ಬಗೆಗಳನ್ನು ಮಂಗಳೂರು ವಿಶ್ವವಿದ್ಯಾಲಯದವರು ಹುಡುಕಿ, 2000ದಲ್ಲೇ ಪ್ರಕಟಿಸಿದ್ದಾರೆ. ಊರಲ್ಲಿ ಎಷ್ಟು ಜನಕ್ಕೆ ಗೊತ್ತು?

ದೂರದಲ್ಲಿ ಕಾಣುತ್ತಿರುವುದು ಸೇಂಟ್ ಮೇರೀಸ್ ದ್ವೀಪ. ಆ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಅದನ್ನೇ ಮಾತಾಡುತ್ತಾ ಕೂತರೆ ಸಂಜೆಯಾಗುತ್ತದೆ, ಬಿಡಿ. ಈ ಫಂಗಸ್ ಅಲ್ಲಿಗೆ ಹೇಗೆ ಹೋಗುತ್ತದೆ? ಸ್ಪೋರ್ ಆಗುವುದು ಮಣ್ಣಿನೊಳಗೆ, ಅಣಬೆಯ ಹಾಗೆ ಗಾಳಿಗೆ ತೂರುವುದಿಲ್ಲ. ಹಾಗಾಗಿ ದ್ವೀಪ ಅಂದ್ರೆ ಬಗೆಗಳು ಕಡಿಮೆ ಅಂತಲೇ ನನಗೆ ಅನ್ನಿಸುತ್ತಿತ್ತು. ಆದರೆ ಪ್ರಪಂಚದ ಹಲವು ದ್ವೀಪಗಳನ್ನು ನೋಡಿದ 2018ರ ಅಧ್ಯಯನದಲ್ಲಿ ವೈವಿಧ್ಯ ಪಕ್ಕದ ಮುಖ್ಯಭೂಮಿಯಷ್ಟೇ ಇತ್ತು. ಸರಿ, ದೂರ ಲೆಕ್ಕಕ್ಕೇ ಇಲ್ಲ ಅಂದುಕೊಂಡೆ. 2019ರಲ್ಲಿ ಇನ್ನೊಂದು ಬಂತು: ಸಾಗರದ ನಡುವಿನ ದ್ವೀಪಗಳಲ್ಲಿ ಫಂಗಸ್ ಜೊತೆ ಬಾಳುವ ಗಿಡಗಳ ಪಾಲೇ ಕಡಿಮೆ. ಈಗ ನನಗೆ ಅನ್ನಿಸುವುದು, ದೂರಕ್ಕೆ ಬೆಲೆ ಇದೆ. ಆದರೆ ಮಲ್ಪೆಯಿಂದ ಇದು ಕೆಲವೇ ಕಿಲೋಮೀಟರ್. ಮಣ್ಣು ಸಮೇತ ಒಂದು ತೆಂಗಿನ ಸಸಿ ದೋಣಿ ಹತ್ತಿದರೆ ಸಾಕು, ಫಂಗಸ್ಸೂ ಹೋದ ಹಾಗೆ.

ಅಯ್ಯೋ, ಅಲ್ಲಿ ನೋಡಿ. ಬೀಚ್ ಕ್ಲೀನಿಂಗ್ ಅಂತ ಟ್ರ್ಯಾಕ್ಟರ್ ತಂದಿದ್ದಾರೆ. ಪ್ಲಾಸ್ಟಿಕ್ ಹೆಕ್ಕಲಿ, ಖಂಡಿತ ಬೇಕು. ಬಳ್ಳಿ ಯಾಕೆ ಕೆರೆದು ಹಾಕುತ್ತಾರೆ? ಈ ಕಡೆಗೇ ಬರುತ್ತಿದ್ದಾರೆ. ಕ್ಯಾಮೆರಾ ಇಲ್ಲೇ ಇರಲಿ, ನಾನು ಹೋಗಿ ಮಾತಾಡಿಸಿ ಬರುತ್ತೇನೆ.