ಆಲ್ಬಟ್ರಾಸ್ ಅನ್ನುವ ಹೆಸರು ನಮ್ಮ ಹೆಜ್ಜಾರ್ಲೆಯದು

ಕೇಳುಗರಿಗೆ ನಮಸ್ಕಾರ. ಮದ್ದೂರು, ಮಂಡ್ಯ, ಮೈಸೂರು ಕಡೆ ಅಡುಗೆಮನೆಯಲ್ಲೋ ಗದ್ದೆ ಬದುವಿನಲ್ಲೋ ರೇಡಿಯೋ ಹಾಕಿಕೊಂಡು ಕೂತವರಿಗೆ ಕಡಲ ಹಕ್ಕಿಯ ಮಾತು ಯಾಕಪ್ಪಾ ಅನ್ನಿಸಬಹುದು. ನಮಗೆ ಕನ್ನಂಬಾಡಿ ಹಿನ್ನೀರೇ ಸಮುದ್ರ, ಅಲ್ವಾ? ಸ್ವಲ್ಪ ತಾಳಿ.

ಆಲ್ಬಟ್ರಾಸ್ ಅಂತ ಒಂದು ಹಕ್ಕಿ. ಅದರಲ್ಲಿ ದೊಡ್ಡ ಜಾತಿಯದು ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 11 ಅಡಿ ಮುಟ್ಟುತ್ತದೆ. ರೆಕ್ಕೆ ಬಡಿಯುವ ಗೋಜೇ ಇಲ್ಲದೆ ದಕ್ಷಿಣದ ಕಡಲುಗಳ ಮೇಲೆ ಗಾಳಿಯಲ್ಲೇ ತೇಲಿಕೊಂಡು ಹೋಗುತ್ತದೆ. ‘ಇದಕ್ಕೆ ಕನ್ನಡದಲ್ಲಿ ಏನಂತಾರೆ ಸಾರ್’ ಅಂತ ಹೋದಲ್ಲೆಲ್ಲ ಕೇಳುತ್ತಾರೆ. ಕೆಲವರು ‘ಕಡಲ ಕೊಕ್ಕರೆ’ ಅಂತ ತಾವೇ ಹೊಸೆದುಕೊಂಡು ಬಂದು ನನ್ನ ಮುಖ ನೋಡುತ್ತಾರೆ. ಅದು ಕೊಕ್ಕರೆ ಅಲ್ಲ ಸ್ವಾಮಿ! ಸುಮ್ನೆ ಆಲ್ಬಟ್ರಾಸ್ ಅನ್ನಿ. ಆ ಹೆಸರೇನೂ ಅದರ ಸ್ವಂತದ್ದಲ್ಲ, ನಮ್ಮ ಹೆಜ್ಜಾರ್ಲೆಯದು. ಹೆಜ್ಜಾರ್ಲೆ ಅಂದರೆ ಪೆಲಿಕನ್, ಕೊಕ್ಕಿನ ಕೆಳಗೆ ದೊಡ್ಡ ಚೀಲ ಇರುವ ನೀರಹಕ್ಕಿ.

ಪೋರ್ಚುಗೀಸರು, ಸ್ಪೇನಿನವರು ಪೆಲಿಕನ್ನನ್ನು ಅಲ್ಕಟ್ರಾಜ್ ಅಂತ ಕರೆಯುತ್ತಿದ್ದರು. ಅವರಿಗೆ ಅದು ಅರಬ್ಬಿಯಿಂದ ಬಂದ ಪದ. ಅರಬ್ಬಿಯಲ್ಲಿ ಮೂಲ ಯಾವುದು ಅನ್ನುವುದಕ್ಕೆ ಎರಡು ವಾದ ಇದೆ. ‘ಮುಳುಗು ಹಾಕುವವನು’ ಅಂತ ಒಂದು. ಇನ್ನೊಂದು ಅಲ್ ಖಾದೂಸ್, ಅಂದರೆ ನೀರೆತ್ತುವ ರಾಟೆಗೆ ಕಟ್ಟುವ ಗಡಿಗೆ. ನನ್ನ ಮತ ಗಡಿಗೆಗೆ. ಯಾಕೆ ಅಂತ ಹೇಳುತ್ತೇನೆ.

ಕೊಕ್ಕರೆಬೆಳ್ಳೂರು ಗೊತ್ತಲ್ಲ, ಮದ್ದೂರು ತಾಲ್ಲೂಕು. ಒಂದು ಬೇಸಿಗೆ ಅಲ್ಲಿಗೆ ಹೋಗಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೇರೆ, ನನ್ನ ಬುದ್ಧಿಗೆ ಏನು ಹೇಳಲಿ. ಒಬ್ಬ ಅಜ್ಜಿಯ ಹಿತ್ತಲಲ್ಲಿ ದೊಡ್ಡ ಹುಣಸೆಮರ, ಅದರ ತುಂಬಾ ಹೆಜ್ಜಾರ್ಲೆ ಗೂಡು. ಅದರ ಬುಡದಲ್ಲೇ ನಿಂತು ತಲೆಯೆತ್ತಿದೆ. ಮೇಲೊಂದು ಮರಿ ತಾಯಿಯ ಗಂಟಲೊಳಗೆ ಕತ್ತಿನ ತನಕ ತಲೆ ತೂರಿಸಿ ಗುದ್ದಾಡುತ್ತಿತ್ತು, ನುಂಗಿಬಿಟ್ಟಿತೇನೋ ಅನ್ನಿಸುವ ಹಾಗೆ. ಅಷ್ಟರಲ್ಲಿ ಅರ್ಧ ಅರಗಿದ ಮೀನೊಂದು ಪಚಕ್ ಅಂತ ನನ್ನ ಹೆಗಲ ಮೇಲೆ ಬಿತ್ತು. ಆ ವಾಸನೆ, ಅಬ್ಬಾ! ಅಜ್ಜಿ ನಕ್ಕು ನಕ್ಕು ಒಂದು ಚೊಂಬು ನೀರು ತಂದುಕೊಟ್ಟರು. ‘ಬಯ್ಕಬೇಡಿ ಸಾಮಿ, ಬಾಣಂತನಕ್ಕೆ ತವರಿಗೆ ಬಂದಿರೋ ಹೆಣ್ಮಕ್ಕಳು’ ಅಂದರು. ಆಮೇಲೆ ಕೆರೆ ಕಡೆಯಿಂದ ಬರುತ್ತಿದ್ದ ಇನ್ನೊಂದು ಹಕ್ಕಿಗೆ ಕೈ ತೋರಿಸಿ, ‘ಗಂಟ್ಲಿಗೇ ಬಿಂದಿಗೆ ಕಟ್ಕಂಡು ಹುಟ್ಟೈತೆ ನೋಡಿ ಅದು’ ಅಂದರು.

ಬಿಂದಿಗೆ! ಮೈ ಜುಂ ಅಂತು. ಅರಬ್ಬಿಯ ಗಂಧವೇ ಇಲ್ಲದ ಅಜ್ಜಿಗೂ ಆ ಗಡಿಗೆಯೇ ಕಂಡಿದೆ. ಅಂಗಿ ಕಲೆ ಇವತ್ತಿಗೂ ಹೋಗಿಲ್ಲ. ಅದನ್ನು ಎಸೆಯೋಕೂ ಮನಸ್ಸಿಲ್ಲ.

ಕಥೆ ಜಾಸ್ತಿ ಆಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಾವಿಕರಿಗೆ ಹಕ್ಕಿಯ ಕುಲಗೋತ್ರ ಕಟ್ಟಿಕೊಂಡು ಏನಾಗಬೇಕು? ಕಡಲಲ್ಲಿ ಕಂಡ ದೊಡ್ಡ ಹಕ್ಕಿಗೆಲ್ಲ ಅಲ್ಕಟ್ರಾಜ್ ಅಂದರು. ಕಪ್ಪು ಬಣ್ಣದ ಫ್ರಿಗೇಟ್ ಹಕ್ಕಿಗೂ ಅದೇ ಹೆಸರು. ದಕ್ಷಿಣಕ್ಕೆ ಹೋದ ಇಂಗ್ಲಿಷರು ಅಲ್ಲಿಯ ಬಿಳಿ ಹಕ್ಕಿಗೂ ಅದನ್ನೇ ಅಂಟಿಸಿದರು. ಲ್ಯಾಟಿನ್‌ನಲ್ಲಿ ಬಿಳುಪಿಗೆ ಆಲ್ಬಸ್ ಅನ್ನುತ್ತಾರೆ, ಅದರ ನೆರಳು ಬಿದ್ದು ‘ಅಲ್ಕ’ ಹೋಗಿ ‘ಆಲ್ಬ’ ಆಯಿತು. ಹೆಜ್ಜಾರ್ಲೆಯ ಹೆಸರು ಪೂರ್ತಿ ಕೈಬಿಟ್ಟು ಹೋಯಿತು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಮಾತ್ರ ಉಳಿದಿದೆ. 1775ರಲ್ಲಿ ಸ್ಪೇನಿನ ಆಯಾಲಾ ಅನ್ನುವ ನಾವಿಕ ಅಲ್ಲಿ ಪೆಲಿಕನ್ ದ್ವೀಪ ಅಂತ ಹೆಸರಿಟ್ಟ. ಆ ಹೆಸರೇ ಈಗಿನ ಆಲ್ಕಟ್ರಾಜ್ ದ್ವೀಪದ್ದು. 1934ರಿಂದ 1963ರ ತನಕ ಅಮೆರಿಕದ ಭಾರಿ ಕಾವಲಿನ ಜೈಲು ಇದ್ದದ್ದು ಅಲ್ಲೇ. ಜೈಲಿನ ಹೆಸರು ಅಂತ ಎಲ್ಲರಿಗೂ ಗೊತ್ತು, ಹಕ್ಕಿಯದು ಅಂತ ಯಾರಿಗೂ ನೆನಪಿಲ್ಲ. ಇನ್ನು ಗಾಲ್ಫ್ ಆಟದಲ್ಲಿ ಗೊತ್ತುಮಾಡಿದ ಹೊಡೆತಗಳಿಗಿಂತ ಮೂರು ಕಡಿಮೆಯಲ್ಲಿ ಚೆಂಡನ್ನು ಗುಳಿಗೆ ಹಾಕಿದರೆ ಅದೂ ಆಲ್ಬಟ್ರಾಸ್. ಜಪಾನಿನವರು ಆ ಹಕ್ಕಿಗೆ ‘ಪೆದ್ದು ಹಕ್ಕಿ’ ಅನ್ನುತ್ತಾರೆ, ನೆಲದ ಮೇಲೆ ತಟ್ಟಾಡುತ್ತದೆ ಅಂತ.

ಹೆಜ್ಜಾರ್ಲೆ ನೋಡಬೇಕು ಅನ್ನಿಸಿದರೆ ಬೆಳ್ಳೂರಿನ ತನಕವೂ ಹೋಗಬೇಕಾಗಿಲ್ಲ, ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಹೋಗಿ. ಬೆಳ್ಳೂರಿಗೆ ಹೋದರೆ ಊರಿನ ಬೋರ್ಡ್ ನೋಡಿ. ಅಲ್ಲೂ ಹೆಸರು ಕೊಕ್ಕರೆಯದೇ. ಬಿಳಿ ಅಂಗಿ ಮಾತ್ರ ಬೇಡ. ನಮಸ್ಕಾರ.