ಹುಳದೊಳಗಿನ ಸ್ವಿಚ್ಚು

ನಮಸ್ಕಾರ ಕೇಳುಗರೇ. ಹುಳದ ವಿಷಯ ಅಂದ ತಕ್ಷಣ ರೇಡಿಯೋ ಆರಿಸಬೇಡಿ. ಇದು ಹೊಟ್ಟೆಯ ಜಂತುಹುಳದ ದೂರದ ನೆಂಟ, ಅಷ್ಟೇ. ಹೆಸರು ಸಿ. ಎಲೆಗನ್ಸ್. ಉದ್ದ 1 ಮಿಲಿಮೀಟರ್, ಮೈ ಗಾಜಿನಷ್ಟು ಪಾರದರ್ಶಕ. ಕೊಳೆತ ಹಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ. ಅದರ ಮೈಯಲ್ಲಿ ಯಾವ ಕೋಶ ಏನಾಗಬೇಕು, ಎತ್ತ ಹೋಗಬೇಕು ಅನ್ನುವುದು ಜೀನ್ ಅನ್ನುವ ಸ್ವಿಚ್ಚಿನ ಕೈಯಲ್ಲಿದೆ. ಇವತ್ತು ಬೇರೇನು ಮರೆತರೂ ಆ ಸ್ವಿಚ್ಚನ್ನು ಮರೆಯಬೇಡಿ.

ಯಾವ ಕೋಶ ಏನಾಗುತ್ತದೆ ಅನ್ನುವುದು ತಿಳಿದದ್ದು ಜಾನ್ ಸಲ್ಸ್ಟನ್ ಎಂಬ ಪುಣ್ಯಾತ್ಮ ವಿಜ್ಞಾನಿಯಿಂದ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಸಿಡ್ನಿ ಬ್ರೆನ್ನರ್ ಈ ಹುಳವನ್ನು ಸಾಕಿದ ಪ್ರಯೋಗಾಲಯದಲ್ಲಿ. ಮೊಟ್ಟೆಯೊಳಗಿನ ಒಂದು ಕೋಶ, ಮರಿ ಹೊರಬರುವಷ್ಟರಲ್ಲಿ 558 ಆಗಿರುತ್ತದೆ. ಪ್ರತಿಯೊಂದರ ತಾಯಿ ಯಾರು, ಅಜ್ಜಿ ಯಾರು? ಸಲ್ಸ್ಟನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ದಿನಕ್ಕೆ ಎರಡು ಸಲ, ಸಲಕ್ಕೆ 4 ಗಂಟೆ, ಸುಮಾರು ಒಂದೂವರೆ ವರ್ಷ! ಕಾಣುವುದಾದರೂ ಏನು? ರವೆ ಚೆಲ್ಲಿದಂಥ ಕಾಳುಕಾಳಿನ ನಡುವೆ ನುಣ್ಣನೆಯ ಬಿಲ್ಲೆಗಳು. ಅವೇ ಕೋಶಕೇಂದ್ರಗಳು. ಒಂದು ಬಿಲ್ಲೆ ಮಾಯವಾಗುತ್ತದೆ, ಆ ಜಾಗದಲ್ಲಿ ಎರಡು ಮೂಡುತ್ತವೆ. ಅಷ್ಟರಲ್ಲಿ ಪಕ್ಕದ್ದು ಸರಿದುಹೋಗಿರುತ್ತದೆ. ಜಾತ್ರೆಯಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಮಕ್ಕಳನ್ನು ಕಾಯ್ದ ಹಾಗೆ. ಕಾಫಿಗೆಂದು ಎದ್ದಿರೋ, ಲೆಕ್ಕ ತಪ್ಪಿತು. ನಾನು ಸೂಕ್ಷ್ಮದರ್ಶಕದ ಮುಂದೆ ಅರ್ಧ ಗಂಟೆ ಕೂತರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಸ್ವಾಮಿ! 1983ರಲ್ಲಿ ಈ ಕೋಶಗಳ ವಂಶವೃಕ್ಷ ಪ್ರಕಟವಾಯಿತು. ಈ ಜಾತಿಯ ಯಾವ ಹುಳ ತೆಗೆದುಕೊಳ್ಳಿ, ಹೆಚ್ಚುಕಮ್ಮಿ ಅದೇ ವಂಶವೃಕ್ಷ. ಹುಟ್ಟುವ 671ರಲ್ಲಿ 113 ಕೋಶ ಹೊತ್ತಿಗೆ ಸರಿಯಾಗಿ ಸಾಯುವುದು ಕೂಡ! 2002ರ ವೈದ್ಯಕೀಯ ನೊಬೆಲ್ ಬ್ರೆನ್ನರ್, ಸಲ್ಸ್ಟನ್, ಇದೇ ಹುಳದ ಮೇಲೆ ಕೆಲಸ ಮಾಡಿದ ರಾಬರ್ಟ್ ಹಾರ್ವಿಟ್ಜ್ ಮೂವರಿಗೂ ಬಂತು.

ಅಯ್ಯೋ, ಹೊತ್ತೆಲ್ಲ ಇಲ್ಲೇ ಕಳೆಯಿತು. ಸ್ವಿಚ್ಚಿಗೆ ಬರೋಣ. ಮರಿಹುಳದ ಎಡಬಲಕ್ಕೆ ಅವಳಿಗಳಂತೆ 'ಕ್ಯೂ' ಎಂದು ಹೆಸರಿಟ್ಟ ಒಂದೊಂದು ಕೋಶ. ಎಡದ್ದರ ಮಕ್ಕಳು ಬಾಲದ ಕಡೆ ಹೊರಡುತ್ತವೆ, ಬಲದ್ದರ ಮಕ್ಕಳು ತಲೆಯ ಕಡೆ. ಯಾಕೆ? ಎಡಕ್ಕೆ ಮ್ಯಾಬ್-5 ಎಂಬ ಜೀನ್ ಆನ್, ಬಲಕ್ಕೆ ಆಫ್. ಆ ಜೀನ್ ಕೆಟ್ಟರೆ ಎರಡೂ ಕಡೆಯವು ತಲೆಯತ್ತಲೇ ಹೊರಡುತ್ತವೆ. "ದಾರಿ ತೋರಿಸುವುದು ನೆರೆಹೊರೆಯ ಕೋಶಗಳಲ್ಲವೇ ಸಾರ್?" ಅಂತ ವಿದ್ಯಾರ್ಥಿಗಳು ವಾದಕ್ಕೆ ಬರುತ್ತಾರೆ. ಇರಬಹುದಪ್ಪ, ನೆರೆಯವರು ಒತ್ತಿದ್ದಾದರೂ ಏನನ್ನು? ಸ್ವಿಚ್ಚನ್ನೇ ತಾನೇ!

ಒಂದೇ ನಿಮಿಷ, ಇದೊಂದನ್ನು ಹೇಳಿಬಿಡುತ್ತೇನೆ. ಸಿಂಥಿಯಾ ಕೆನ್ಯನ್ ಎಂಬ ವಿಜ್ಞಾನಿಯ ತಂಡ, ಶಾಖ ತಾಗಿದರೆ ಮ್ಯಾಬ್-5 ಆನ್ ಆಗುವಂಥ ಹುಳಗಳನ್ನು ಮಾಡಿತು. 1992ರಲ್ಲಿ ಅದರ ವರದಿ ಬಂತು. ಬಲಗಡೆಯ ಕೋಶಗಳು ತಲೆಯತ್ತ ಹೊರಟಾಗಿತ್ತು. ಹುಳಕ್ಕೆ ಶಾಖ ಕೊಟ್ಟರು. ಕೋಶಗಳು ನಡುದಾರಿಯಲ್ಲಿ ತಿರುಗಿ ಬಾಲದ ಕಡೆ ಹೊರಟವು. ನಮಸ್ಕಾರ.