ಕ್ಷಮೆ ಸಿಕ್ಕಿದ ಮೇಲಿನ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಕ್ಷಮೆ ಕೇಳಬೇಕಾದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ತಪ್ಪಾಯಿತು’. ತುಳುವಿನಲ್ಲಿ ‘ತಪ್ಪಾಂಡ್’. ಮಳೆ ಬಂತು, ಕರೆಂಟು ಹೋಯಿತು ಎಂದ ಹಾಗೆ ತಪ್ಪೂ ತಾನಾಗಿ ಆಯಿತು. ಮಾಡಿದವರು ಯಾರೆಂಬುದು ಆ ಮಾತಿನಲ್ಲಿ ಎಲ್ಲೂ ಇಲ್ಲ. ಬಸ್ಸಿನಲ್ಲಿ ಇನ್ನೊಬ್ಬರ ಕಾಲು ತುಳಿದದ್ದಕ್ಕೆ ಇಷ್ಟು ಸಾಕು. ಬೈಬಲಿನಲ್ಲಿ ಪಾಪ ಒಪ್ಪಿಕೊಳ್ಳುವವರು ಹೀಗೆ ಮಾತಾಡುವುದಿಲ್ಲ. ದಾವೀದ ಅರಸ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಅರಮನೆಗೆ ಕರೆಸಿಕೊಂಡ, ಊರೀಯನನ್ನು ಯುದ್ಧದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿ ಕೊಲ್ಲಿಸಿದ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕತೆ ಹೇಳಿ, ‘ಆ ಮನುಷ್ಯ ನೀನೇ’ ಎಂದಾಗ ದಾವೀದನ ಉತ್ತರ ‘ಪಾಪ ಮಾಡಿದ್ದೇನೆ’ ಎಂದು. ತಂದೆಯ ಆಸ್ತಿ ಹಾಳುಮಾಡಿ ಮನೆಗೆ ಮರಳಿದ ಕಿರಿಯ ಮಗ ಹೇಳುವುದೂ ಇದನ್ನೇ. ‘ಮಾಡಿದೆ’ ಎಂದಾಗ ‘ನಾನು’ ಎದುರಿಗೆ ಬಂದು ನಿಲ್ಲುತ್ತೇನೆ. ತುಳುವಿನಲ್ಲಿ ‘ಯಾನ್ ತಪ್ಪು ಮಲ್ತೆ’, ಅಂದರೆ ನಾನು ತಪ್ಪು ಮಾಡಿದೆ, ಎಂದು ಬಾಯಿಬಿಟ್ಟು ಹೇಳಿ ನೋಡಿ, ಗಂಟಲು ಎಷ್ಟು ಬಿಗಿಯುತ್ತದೆಂದು ತಿಳಿಯುತ್ತದೆ.

ಹಬ್ಬದ ದಿನ ನೂರು ಜನರಿಗೆ ಒಟ್ಟಿಗೆ ವಾಟ್ಸಾಪ್‌ನಲ್ಲಿ ಹೋಗುವ ಒಂದು ಸಂದೇಶವಿದೆ: ‘ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ.’ ಕಳುಹಿಸುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ‘ಏನಾದರೂ’ ಎಂದಾಗ ಯಾವ ತಪ್ಪು ಎಂಬುದು ಹೋಯಿತು, ‘ಆಗಿದ್ದರೆ’ ಎಂದಾಗ ಆ ತಪ್ಪು ನಡೆದದ್ದೇ ಹೌದೋ ಎಂಬ ಅನುಮಾನ ಬಂತು. ನಿಜವಾಗಿ ನೊಂದವರಿಗೆ ಇದು ಇನ್ನೊಮ್ಮೆ ನೋವು ಕೊಡುತ್ತದೆ.

ಯೇಸು ಆಡುತ್ತಿದ್ದ ಅರಮಾಯ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಶಬ್ದ, ‘ಹೋಬಾ’. ಅದಕ್ಕೇ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಕ್ಷಮೆಯ ಸಾಲು ಮತ್ತಾಯನ ಸುವಾರ್ತೆಯ ಗ್ರೀಕಿನಲ್ಲಿ ‘ನಮ್ಮ ಸಾಲಗಳನ್ನು ಬಿಟ್ಟುಬಿಡು’ ಎಂದಿದ್ದರೆ, ಲೂಕನಲ್ಲಿ ‘ನಮ್ಮ ಪಾಪಗಳನ್ನು’ ಎಂದಿದೆ. ಪಾಪವನ್ನು ಸಾಲವೆಂದು ನೋಡಿದರೆ ಬಹಳಷ್ಟು ಸ್ಪಷ್ಟವಾಗುತ್ತದೆ. ಸಾಲಕ್ಕೆ ಮೊತ್ತವಿದೆ. ಸಾಲ ಕೊಟ್ಟವರೂ ಇದ್ದಾರೆ.

ಮತ್ತಾಯನ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯಕತೆಯಲ್ಲಿ ಅರಸನ ಸೇವಕನೊಬ್ಬ 10,000 ತಲಾಂತು ಸಾಲ ಹೊತ್ತಿದ್ದಾನೆ. ಅವನಿಗೆ ಇನ್ನೊಬ್ಬ ಸೇವಕ ಕೊಡಬೇಕಾದದ್ದು 100 ದೆನಾರಿ. ಒಂದು ದೆನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ, ಒಂದು ತಲಾಂತು ಎಂದರೆ ಸುಮಾರು 6,000 ದೆನಾರಿ. ಅಂದರೆ ಮೊದಲನೆಯವನ ಸಾಲ 6 ಕೋಟಿ ದಿನಗಳ ಕೂಲಿ. ದಿನಕ್ಕೆ 800 ರೂಪಾಯಿ ಎಂದು ಹಿಡಿದರೆ 4,800 ಕೋಟಿ. ‘ಸ್ವಲ್ಪ ತಾಳ್ಮೆ ಇರಲಿ, ಎಲ್ಲ ತೀರಿಸುತ್ತೇನೆ’ ಎಂದು ಅವನು ಕಾಲಿಗೆ ಬೀಳುತ್ತಾನೆ, ತೀರಿಸುವ ಮಾತೇ ಇಲ್ಲ. ಅರಸ ಪೂರ್ತಿ ಬಿಟ್ಟುಬಿಟ್ಟ. ಎರಡನೆಯವನ ಸಾಲ ಅದೇ ಲೆಕ್ಕದಲ್ಲಿ 80,000 ರೂಪಾಯಿ, ಅದನ್ನು ಮೊದಲನೆಯವನು ಬಿಡಲಿಲ್ಲ. ಇಲ್ಲಿ ಒಂದು ವಿಷಯ ಗಮನಿಸಬೇಕು. ಕೂಲಿ ಮಾಡುವ ಮನೆಗೆ 80,000 ಸಣ್ಣ ಮೊತ್ತವಲ್ಲ, ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಿಮಗೆ ಇನ್ನೊಬ್ಬರು ಮಾಡಿದ ಅನ್ಯಾಯ ಏನೂ ಅಲ್ಲ ಎಂದು ಯೇಸು ಹೇಳಲೇ ಇಲ್ಲ. ಅದು ನೋವೇ, ಆದರೆ ನಿಮಗೆ ಬಿಟ್ಟುಕೊಟ್ಟ ಸಾಲದ ಪಕ್ಕದಲ್ಲಿಟ್ಟು ನೋಡಿ ಎನ್ನುತ್ತಾನೆ.

ಈಗ ಒಪ್ಪಿಕೊಳ್ಳುವ ಕ್ರಮಕ್ಕೆ ಬರೋಣ. ಕಥೊಲಿಕರಲ್ಲಿ ಪಾಪನಿವೇದನೆ, ಕೊಂಕಣಿಯಲ್ಲಿ ಕುಮ್ಸಾರ್. ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಮಾಡೆನೆಂಬ ನಿರ್ಧಾರ, ಚರ್ಚಿನ ಗುರುಗಳ ಮುಂದೆ ನಿವೇದನೆ, ಕೊನೆಗೆ ಅವರು ಹೇಳಿದ ಪ್ರಾಯಶ್ಚಿತ್ತ. ದೊಡ್ಡ ಪಾಪವೆನಿಸಬೇಕಾದರೆ ಮೂರೂ ಕೂಡಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಗೊತ್ತಿರಬೇಕು, ಗೊತ್ತಿದ್ದೂ ಮನಸ್ಸಾರೆ ಮಾಡಿರಬೇಕು. ಅಂಥವನ್ನು ಯಾವ ಬಗೆಯ ಪಾಪ, ಸುಮಾರು ಎಷ್ಟು ಸಲ ಎಂದು ಹೇಳಬೇಕು. ಅಲ್ಲಿ ಕತೆ ಬೇಡ. ಕೆಡುವುದು ಸಾಮಾನ್ಯವಾಗಿ ಈ ಕತೆಯಿಂದಲೇ. ಸೊಸೆ ಹೀಗಂದಳು, ಅದಕ್ಕೆ ನಾನು ಹಾಗಂದೆ ಎಂದು ಶುರುವಾದರೆ ಐದು ನಿಮಿಷದಲ್ಲಿ ಸೊಸೆಯ ಪಾಪಗಳ ನಿವೇದನೆಯಾಗಿರುತ್ತದೆ. ‘ವಾರದಲ್ಲಿ ಎರಡು ಮೂರು ಸಲ ಸೊಸೆಗೆ ಅವಮಾನವಾಗುವಂತೆ ಮಾತಾಡಿದೆ’ ಎಂಬ ಒಂದು ವಾಕ್ಯ ಸಾಕು. ದೊಡ್ಡದೊಂದನ್ನು ಬೇಕೆಂದೇ ಮುಚ್ಚಿಟ್ಟು ಉಳಿದವನ್ನು ಹೇಳಿದರೆ ಆ ನಿವೇದನೆ ಸಲ್ಲುವುದಿಲ್ಲ. ನಿಜವಾಗಿಯೂ ಮರೆತದ್ದಾದರೆ ಚಿಂತೆ ಬೇಡ, ಅದೂ ಕ್ಷಮೆಯೊಳಗೇ ಸೇರಿತು, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು.

ಇನ್ನು ಕೆಲವರಿದ್ದಾರೆ, ಇಪ್ಪತ್ತು ವರ್ಷದ ಹಿಂದಿನ ಒಂದೇ ಪಾಪವನ್ನು ಪ್ರತಿ ಸಲ ಹೇಳುತ್ತಾರೆ. ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಸಂಶಯ ಅವರನ್ನು ಮಲಗಲು ಬಿಡುವುದಿಲ್ಲ. ಯೇಸುಸಭೆ ಎಂಬ ಗುರುಗಳ ಸಂಘವನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇದೇ ಸಂಕಟದಲ್ಲಿ ಜೀವವೇ ಬೇಡವೆನ್ನುವಷ್ಟು ನೊಂದಿದ್ದರು. ಹಳೆಯದನ್ನು ಮತ್ತೆ ಮತ್ತೆ ನಿವೇದಿಸುವುದನ್ನು ನಿಲ್ಲಿಸಿದ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿದ್ದು. ಕ್ಷಮೆ ಸಿಕ್ಕಿದ ಪಾಪವನ್ನು ಮತ್ತೆ ಕೆದಕುವುದು ಭಕ್ತಿಯ ಲಕ್ಷಣವಲ್ಲ. ಒಬ್ಬರೇ ಗುರುಗಳ ಬಳಿ ಹೋಗಿ, ಅವರು ಸಾಕೆಂದರೆ ಸಾಕೆಂದು ಒಪ್ಪಿಕೊಳ್ಳಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಪರಂಪರೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಪಾಪದ ಅರಿಕೆ ಆರಾಧನೆಯಲ್ಲಿ ಎಲ್ಲರೂ ಕೂಡಿ ಹೇಳುವಂಥದ್ದು. ಅಲ್ಲಿ ಇನ್ನೊಂದು ಅಮೂಲ್ಯವಾದ ಕ್ರಮವಿದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ ಆರಾಧನೆಯಲ್ಲಿ ಕಾಣಿಕೆ ಅರ್ಪಿಸುವುದಕ್ಕೆ ಮೊದಲೇ ಒಬ್ಬರಿಗೊಬ್ಬರು ಕೈಕೊಟ್ಟು ಸಮಾಧಾನ ಹೇಳಿಕೊಳ್ಳುವುದು. ಇದರ ಮೂಲ ಮತ್ತಾಯನ 5ನೆಯ ಅಧ್ಯಾಯ: ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಅಸಮಾಧಾನ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಸಂಗಡ ಒಂದಾಗು. ಕೇಳುತ್ತಿದ್ದವರು ಗಲಿಲಾಯದವರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನಡೆದು ಮೂರು ದಿನದ ದಾರಿ. ಹೆಚ್ಚುಕಡಿಮೆ ಮಂಗಳೂರಿನಿಂದ ಬೈಂದೂರಿಗೆ ನಡೆದಂತೆ. ಅಷ್ಟು ದೂರ ವಾಪಸು ಹೋಗು ಎಂದ ಯೇಸು. ನಮ್ಮಲ್ಲಿ ಆ ಸಹೋದರ ಎರಡು ಬೆಂಚು ಹಿಂದೆ ಕೂತಿರುತ್ತಾನೆ.

ಇನ್ನು ಮುಖ್ಯ ವಿಷಯ, ತೆಗೆದುಕೊಂಡದ್ದನ್ನು ತಿರುಗಿ ಕೊಡುವುದು. ದೇವರ ಕ್ಷಮೆ ಉಚಿತ, ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ನೆರೆಯವನ ದುಡ್ಡು ನನ್ನ ಕಪಾಟಿನಲ್ಲಿದ್ದರೆ ಕ್ಷಮೆ ಸಿಕ್ಕಿದ ಮರುದಿನವೂ ಅದು ನೆರೆಯವನದ್ದೇ. ಬೈಬಲಿನ ಯಾಜಕಕಾಂಡದ 6ನೆಯ ಅಧ್ಯಾಯದಲ್ಲಿ ಇದರ ಲೆಕ್ಕವೇ ಇದೆ. ವಂಚಿಸಿದ್ದನ್ನು ಪೂರ್ತಿ ಕೊಡಬೇಕು, ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. 10,000 ರೂಪಾಯಿಯಾದರೆ 12,000. ಕೊಡಬೇಕಾದದ್ದು ಪ್ರಾಯಶ್ಚಿತ್ತದ ಬಲಿ ಅರ್ಪಿಸುವ ದಿನವೇ. ಕುರಿ ಕದ್ದು ಕಡಿದು ತಿಂದವನಿಗೆ ವಿಮೋಚನಕಾಂಡ ಹೇಳುವುದು ಒಂದಕ್ಕೆ ನಾಲ್ಕು. ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯ ಈ ಕಠಿಣವಾದ ನಾಲ್ಕರಷ್ಟನ್ನು ತಾನಾಗಿ ಹೊತ್ತುಕೊಂಡ, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದ. ಕ್ರಮ ಮಾತ್ರ ಮರೆಯಬೇಡಿ. ‘ಈಹೊತ್ತು ನಿನ್ನ ಮನೆಯಲ್ಲಿ ಉಳಿಯಬೇಕು’ ಎಂದು ಯೇಸು ಕರೆದದ್ದು ಮೊದಲು, ಅವನು ಲೆಕ್ಕ ತೆಗೆದದ್ದು ಆಮೇಲೆ. ಹಣ ಕೊಟ್ಟು ಅವನು ಕೃಪೆಯನ್ನು ಕೊಳ್ಳಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಈ ಮಾತು ಎಲ್ಲಕ್ಕಿಂತ ಹೆಚ್ಚು ತಾಗುವುದು ಆಸ್ತಿಗೆ. ಉಯಿಲು ಇಲ್ಲದೆ ತಂದೆ ತೀರಿಕೊಂಡರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮೂರನೆಯ ಒಂದು ಪಾಲು ತಾಯಿಗೆ, ಉಳಿದ ಎರಡು ಪಾಲು ಮಕ್ಕಳೆಲ್ಲರಿಗೂ ಸಮವಾಗಿ. ಗಂಡು ಹೆಣ್ಣು ಎಂಬ ಭೇದವಿಲ್ಲ. ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ ಎಂಬ ಮಾತಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. 60 ಸೆಂಟ್ಸ್ ಜಾಗ, ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದರೆ ತಾಯಿಗೆ 20, ಮಕ್ಕಳಿಗೆ ತಲಾ 10. ಅಕ್ಕ ತಿಳಿದೂ ತಿಳಿದೂ ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಗಲ್ಫಿನಿಂದ ಹತ್ತು ದಿನದ ರಜೆಯಲ್ಲಿ ಬಂದವಳನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು, ಬರೇ ಫಾರ್ಮಾಲಿಟಿ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದಾದರೆ ಅದು ಕಳವು. ಕಾಗದ ಕಾನೂನಿನಲ್ಲಿ ನಿಂತರೂ ಕುಮ್ಸಾರಿನಲ್ಲಿ ನಿಲ್ಲುವುದಿಲ್ಲ.

ಸರಿಪಡಿಸುವುದು ಹೇಗೆ? ಮೊದಲು ಅವಳ ಪಾಲು ಎಷ್ಟಿತ್ತೆಂದು ಅವಳಿಗೇ ಹೇಳಬೇಕು. ಜಾಗ ಇನ್ನೂ ಇದ್ದರೆ ಜಾಗವನ್ನೇ ಕೊಡಬೇಕು. ಮಾರಿದ್ದರೆ ಆಗ ಬಂದ ಬೆಲೆಯ ಅವಳ ಪಾಲು, ಅವಳಿಗಾದ ನಷ್ಟ ಎರಡೂ ಸೇರಬೇಕು. ಗೊತ್ತಿದ್ದೇ ಇನ್ನೊಬ್ಬರ ಸ್ವತ್ತನ್ನು ಇಟ್ಟುಕೊಂಡವನು ಅದರ ಫಲವನ್ನೂ ಕೊಡಬೇಕೆಂಬುದು ಸಭೆಯ ಹಳೆಯ ಬೋಧನೆ. ತೋಟವಾದರೆ ಅಷ್ಟು ವರ್ಷದ ಅಡಿಕೆ, ತೆಂಗು ಎಲ್ಲ ಲೆಕ್ಕಕ್ಕೆ ಬರುತ್ತದೆ. ಗೊತ್ತಿಲ್ಲದೆ ಇಟ್ಟುಕೊಂಡು ಖರ್ಚು ಮಾಡಿದ ಫಲಕ್ಕೆ ಹೊಣೆಯಿಲ್ಲ, ಆದರೆ ತಿಳಿದ ದಿನದಿಂದ ಹೊಣೆ ಶುರು. ಒಟ್ಟಿಗೆ ಕೊಡಲು ಕೈಯಲ್ಲಿಲ್ಲದಿದ್ದರೆ ಕಂತಿನಲ್ಲಿ ಕೊಡಬಹುದು. ಮೊದಲ ಕಂತು ಇದೇ ತಿಂಗಳು ಹೋಗಲಿ.

ಕೊಡುವಾಗ ನಾನೇ ತೆಗೆದದ್ದೆಂದು ಹೇಳಲೇಬೇಕೆಂದಿಲ್ಲ. ಅಂಗಡಿಯ ಗಲ್ಲೆಯಿಂದ ತೆಗೆದ ಹಣವನ್ನು ಹೆಸರಿಲ್ಲದ ಲಕೋಟೆಯಲ್ಲಿ ಕಳುಹಿಸಬಹುದು, ಗುರುಗಳ ಮೂಲಕವೂ ಮುಟ್ಟಿಸಬಹುದು, ಅವರ ಬಾಯಿಂದ ಹೆಸರು ಎಂದೂ ಹೊರಬರುವುದಿಲ್ಲ. ಧಣಿ ತೀರಿಕೊಂಡಿದ್ದರೆ ವಾರಸುದಾರರಿಗೆ. ಯಾರೂ ಸಿಗದಿದ್ದರೆ ಮಾತ್ರ ಬಡವರಿಗೆ. ಈ ‘ಮಾತ್ರ’ ಎಂಬುದನ್ನು ಒತ್ತಿ ಹೇಳುತ್ತೇನೆ. ಕೆಲಸದವರ ಸಂಬಳ ಬಾಕಿ ಇಟ್ಟು ಇಗರ್ಜಿಯ, ಅಂದರೆ ಚರ್ಚಿನ, ವಾರ್ಷಿಕ ಹಬ್ಬಕ್ಕೆ ದೊಡ್ಡ ಮೊತ್ತ ಬರೆಸಿದರೆ ಬಾಕಿ ತೀರುವುದಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನು ಎಸೆದು ಹೋದ 30 ಬೆಳ್ಳಿ ನಾಣ್ಯಗಳನ್ನು ದೇವಾಲಯದ ಬೊಕ್ಕಸಕ್ಕೆ ಹಾಕಲು ಆ ಮಹಾಯಾಜಕರೂ ಒಪ್ಪಲಿಲ್ಲ.

ಹಣಕ್ಕಿಂತ ಕಷ್ಟದ್ದು ಹೆಸರು. ಇಲ್ಲಿ ಎರಡು ಬಗೆ. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದ್ದಾದರೆ, ಯಾರ ಯಾರ ಮುಂದೆ ಹೇಳಿದ್ದೋ ಅವರ ಮುಂದೆಯೇ ‘ಅದು ಸುಳ್ಳು, ನಾನೇ ಹೇಳಿದ್ದು’ ಎನ್ನಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದನ್ನು ಸುಮ್ಮನೆ ಅಳಿಸಿದರೆ ಸಾಲದು, ಅದೇ ಗ್ರೂಪಿನಲ್ಲಿ ಹಿಂದೆಗೆದುಕೊಳ್ಳಬೇಕು. ಇನ್ನೊಂದು, ಇದ್ದ ಗುಟ್ಟನ್ನೇ ಕಾರಣವಿಲ್ಲದೆ ಬಯಲು ಮಾಡುವುದು. ಹುಡುಗಿಯ ಹಳೆಯ ವಿಷಯವೊಂದನ್ನು ಮದುವೆ ಮಾತುಕತೆಯ ಹೊತ್ತಿಗೆ ಎತ್ತಿಹಾಕಿದಂತೆ. ಅದನ್ನು ಸುಳ್ಳೆನ್ನಲು ಬರುವುದಿಲ್ಲ, ಹಾಗೆಂದರೆ ಇನ್ನೊಂದು ಪಾಪ. ಆಕೆಯ ಒಳ್ಳೆಯ ಗುಣಗಳನ್ನು ಅದೇ ಜನರ ಮುಂದೆ ಮನಸ್ಸಿಟ್ಟು ಹೇಳಬಹುದು, ಆದ ನಷ್ಟವನ್ನು ಕೈಲಾದಷ್ಟು ತುಂಬಿಕೊಡಬಹುದು. ಪೂರ್ತಿ ಸರಿಯಾಗುವುದೆಂದು ಭರವಸೆ ಕೊಡಲಾರೆ.

ಅನ್ಯಾಯಕ್ಕೊಳಗಾದವರು ಏನು ಮಾಡಬೇಕು? ಯೇಸು ಹೇಳಿದ ಮೆಟ್ಟಿಲುಗಳು ಮೂರು. ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಪಕ್ಕದ ಮನೆಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಚರ್ಚಿನ ವಾಡ್ಯದ, ಅಂದರೆ ವಠಾರದ, ಮುಖಂಡರಾದ ಗುರ್ಕಾರರಿಗೆ, ತಪ್ಪು ಮಾಡಿದವನಿಗೆ ಕಟ್ಟಕಡೆಗೆ. ಅಷ್ಟರಲ್ಲಿ ಅವನಿಗೆ ಒಪ್ಪಿಕೊಳ್ಳುವ ದಾರಿಯೇ ಮುಚ್ಚಿರುತ್ತದೆ.

ಇಲ್ಲೊಂದು ಎಚ್ಚರ ಅಗತ್ಯ. ಕ್ಷಮಿಸುವುದು ಬೇರೆ, ಮತ್ತೆ ಒಟ್ಟಿಗಿರುವುದು ಬೇರೆ. ಹೊಡೆಯುವ ಗಂಡನ ಮನೆಗೆ ‘ಕ್ಷಮಿಸಿ ಹೋಗು ಮಗಾ’ ಎಂದು ಹೆಣ್ಣುಮಗಳನ್ನು ಹಿಂದಕ್ಕೆ ಕಳುಹಿಸುವುದಕ್ಕೆ ಸುವಾರ್ತೆಯಲ್ಲಿ ಆಧಾರವಿಲ್ಲ. ಇಬ್ಬರೇ ಮಾತಾಡುವ ಮೊದಲ ಮೆಟ್ಟಿಲೂ ಅವಳಿಗೆ ಕಡ್ಡಾಯವಲ್ಲ, ಜೀವ ಉಳಿಸಿಕೊಳ್ಳುವುದು ಮೊದಲು. ಲೂಕನ 17ನೆಯ ಅಧ್ಯಾಯದಲ್ಲಿ ತಪ್ಪು ಮಾಡಿದವನನ್ನು ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದಿದೆ, ಗದರಿಸುವುದೂ ಆಜ್ಞೆಯೇ. ಸೇಡು ಬಿಟ್ಟವಳು ಪೊಲೀಸರಿಗೆ ದೂರು ಕೊಡಬಹುದು. ನೋವು ಮರೆಯಲೂ ಬೇಕಿಲ್ಲ. ಅವನಿಗೆ ಕೆಟ್ಟದಾಗಲಿ ಎಂದು ಬಯಸುವುದನ್ನು ಬಿಡುವುದು ಕ್ಷಮೆಯ ಮೊದಲ ಹೆಜ್ಜೆ, ಕೆಲವರಿಗೆ ಈ ಒಂದು ಹೆಜ್ಜೆಗೆ ವರ್ಷಗಳೇ ಬೇಕಾಗುತ್ತವೆ. ಎಪ್ಪತ್ತು ಏಳು ಸಲ ಕ್ಷಮಿಸು ಎಂದು ಯೇಸು ಹೇಳಿದ್ದು ಒಂದೇ ಗಾಯವನ್ನು ದಿನಾ ಬೆಳಗ್ಗೆ ಮತ್ತೆ ಕ್ಷಮಿಸಬೇಕಾದವರಿಗೂ ಹೌದು.

ದಿನದ ಬದುಕಿಗೆ ಇಗ್ನೇಷಿಯಸರ ಒಂದು ಉಪಾಯ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ದೋಷ ಆರಿಸಿಕೊಳ್ಳಿ, ಸಿಟ್ಟಿನ ಮಾತು ಎಂದಿಟ್ಟುಕೊಳ್ಳಿ. ಪುಸ್ತಕದಲ್ಲಿ ದಿನಕ್ಕೆ ಎರಡು ಗೆರೆ ಎಳೆಯಿರಿ. ಮಧ್ಯಾಹ್ನ ಊಟದ ಮೇಲೊಮ್ಮೆ, ರಾತ್ರಿ ಊಟದ ಮೇಲೊಮ್ಮೆ, ಎಷ್ಟು ಸಲ ಸೋತಿರೋ ಅಷ್ಟು ಚುಕ್ಕೆ. ಮಧ್ಯಾಹ್ನಕ್ಕೂ ರಾತ್ರಿಗೂ, ನಿನ್ನೆಗೂ ಇಂದಿಗೂ, ಆ ವಾರಕ್ಕೂ ಈ ವಾರಕ್ಕೂ ಹೋಲಿಸಿ. ಹತ್ತು ದೋಷ ಒಟ್ಟಿಗೆ ಹಿಡಿದರೆ ಪುಸ್ತಕ ಮೂರನೆಯ ದಿನಕ್ಕೆ ಮೂಲೆ ಸೇರುತ್ತದೆ.

ಇಲ್ಲಿಯ ಕಥೊಲಿಕ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಬಂದು, ಕೈ ಜೋಡಿಸಿ, ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ರೂಢಿಯಿದೆ. ಬೆಳಗ್ಗೆ ಅಪ್ಪನ ಸಂಗಡ ಜಗಳವಾಡಿ ಇಡೀ ದಿನ ಮಾತು ಬಿಟ್ಟ ಮಗನೂ ಆ ಹೊತ್ತಿಗೆ ಒಂದು ಮೊಳ ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು ನಿಲ್ಲಲೇಬೇಕು. ಅಲ್ಟಾರಿನ, ಅಂದರೆ ಮನೆಯ ದೇವರ ಪೀಠದ, ಮೇಣದಬತ್ತಿ ಇನ್ನೂ ಆರಿರುವುದಿಲ್ಲ. ಬೆಸಾಂವ್ ಕೇಳುವ ಮೊದಲು ‘ಬೆಳಗ್ಗೆ ಹಾಗೆ ಬೈದದ್ದು ನನ್ನ ತಪ್ಪು’ ಎಂದು ಅವನು ಹೇಳಬಹುದು. ಅಪ್ಪನ ತಪ್ಪಿದ್ದರೆ ಅಪ್ಪನೂ ಹೇಳಬಹುದು, ಹೇಳಿಯೇ ಆಶೀರ್ವಾದಕ್ಕೆ ಕೈ ಎತ್ತಬಹುದು. ತೇರ್ಸ್ ನಿಂತುಹೋದ ಮನೆಗಳಲ್ಲಿ ರಾತ್ರಿ ಊಟಕ್ಕೆ ಕೂರುವ ಮೊದಲಿನ ಪ್ರಾರ್ಥನೆಯ ಹೊತ್ತಾದರೂ ಇದಕ್ಕೆ ಸಿಗುತ್ತದೆ. ಅನ್ನ ಬಡಿಸುವ ಮೊದಲು ಒಂದು ನಿಮಿಷ, ಟಿವಿ ಆಫ್ ಮಾಡಿ.

ನಮಸ್ಕಾರ.